ಚಕ್ರಛಂದೋವಿಚಾರ: ಶ್ರೀರಾಂಪುರದ ಗಲ್ಲಿಯಲ್ಲಿ ಒಂದು ಅರ್ಧಸಮವೃತ್ತ

ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮ ‘ಛಂದೋಂಬುಧಿ’ಯನ್ನು ಬರೆದಿಟ್ಟು ಹೋದ ಮೇಲೆ ಕನ್ನಡ ವಿದ್ವಾಂಸರು ಸಾವಿರ ವರ್ಷ ವೃತ್ತಗಳಿಗೆ ಗುರು-ಲಘು ಹಾಕಿದ್ದಾರೆ, ಗಣ ವಿಂಗಡಿಸಿದ್ದಾರೆ, ಮಾತು ಬಿಟ್ಟಿದ್ದಾರೆ. ಆದರೆ ವೃತ್ತವೆಂದರೆ ದುಂಡಗಿರುವುದು ಎಂಬ ಮೊದಲನೇ ಅರ್ಥದ ಕಡೆಗೆ ಯಾರೂ ತಲೆಹಾಕಿದಂತಿಲ್ಲ. ವೃತ್ತಕ್ಕೆ ನಾಲ್ಕು ಪಾದ, ಕಾರಿಗೆ ನಾಲ್ಕು ಚಕ್ರ. ಕಣ್ಣಿಗೆ ಹೊಡೆಯುವಂಥ ಈ ಸಾಮ್ಯ ಇಷ್ಟು ಕಾಲ ಅನಾಥವಾಗಿ ಬಿದ್ದಿದ್ದಕ್ಕೆ ಒಂದೇ ಕಾರಣ ಹೊಳೆಯುತ್ತದೆ: ಹಿಂದಿನ ಛಂದೋವಿದರು ನಡೆದು ಹೋಗುತ್ತಿದ್ದರು. ಈ ಲೋಪವನ್ನು ತುಂಬುವ ಭಾಗ್ಯ, ನನ್ನ ಭಾವಮೈದುನ ಕೊಂಡ ಸೆಕೆಂಡ್ ಹ್ಯಾಂಡ್ ಜರ್ಮನ್ ಎಸ್‌ಯುವಿಯ ದೆಸೆಯಿಂದ, ಶ್ರೀರಾಂಪುರದ ನಮ್ಮ ಗಲ್ಲಿಗೆ ಒದಗಿತು.

ಮೊದಲು ಲಕ್ಷಣ. ನಾಲ್ಕೂ ಪಾದಗಳ ಅಳತೆ ಒಂದೇ ಆಗಿದ್ದರೆ ಅದು ಸಮವೃತ್ತ. ಒಂದು ಮತ್ತು ಮೂರನೆಯದಕ್ಕೆ ಒಂದಳತೆ, ಎರಡು ಮತ್ತು ನಾಲ್ಕನೆಯದಕ್ಕೆ ಇನ್ನೊಂದಳತೆ ಇದ್ದರೆ ಅರ್ಧಸಮವೃತ್ತ. ನಾಲ್ಕೂ ನಾಲ್ಕು ಥರವಾದರೆ ವಿಷಮವೃತ್ತ. ಕಾರಿನ ಮುಂದಿನ ಎಡಚಕ್ರವನ್ನು ಪ್ರಥಮ ಪಾದವೆಂದು ಹಿಡಿದು, ಅದರ ಹಿಂದಿನದು, ಆಮೇಲೆ ಮುಂದಿನ ಬಲ, ಹಿಂದಿನ ಬಲ ಎಂದು ಓದಿಕೊಂಡು ಬಂದರೆ ಎಲ್ಲ ಕೂಡಿ ಬರುತ್ತದೆ. ಮುಂದೆ ಸಣ್ಣ ಟೈರು, ಹಿಂದೆ ಅಗಲ ಟೈರು ಹಾಕಿದ ಎಸ್‌ಯುವಿ ಶುದ್ಧ ಅರ್ಧಸಮವೃತ್ತ. ಅದರಲ್ಲೂ ‘ಪುಷ್ಪಿತಾಗ್ರ’ದ ಜಾತಿ. ಪುಷ್ಪಿತಾಗ್ರದ ಬೆಸ ಪಾದಗಳಲ್ಲಿ ಹನ್ನೆರಡು ಅಕ್ಷರ, ಸಮ ಪಾದಗಳಲ್ಲಿ ಹದಿಮೂರು. ಹಿಂದುಗಡೆ ಒಂದಕ್ಷರ ದಪ್ಪ.

ಅನುಮಾನವಿದ್ದವರು ಅಂಕಿಗಳನ್ನು ನೋಡಬಹುದು. ಶಾರ್ದೂಲವಿಕ್ರೀಡಿತಕ್ಕೆ 19 ಅಕ್ಷರ, ಉತ್ಪಲಮಾಲೆಗೆ 20, ಚಂಪಕಮಾಲೆಗೆ 21, ಮಹಾಸ್ರಗ್ಧರೆಗೆ 22. ದೊಡ್ಡ ಎಸ್‌ಯುವಿಗಳ ರಿಮ್ಮುಗಳೂ 19, 20, 21, 22 ಇಂಚುಗಳಲ್ಲಿ ಬರುತ್ತವೆ. ಇದನ್ನು ಕಾಕತಾಳೀಯ ಎನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ. ಭಾವಮೈದುನನದು 20 ಇಂಚು, ಅಂದರೆ ಉತ್ಪಲಮಾಲೆ. ಅದನ್ನು ತಿಳಿಸಿದಾಗ ಅವನು, “ಭಾವ, ಅಲಾಯ್ ಮೇಲೆ ಕೈ ಇಡಬೇಡಿ, ಬೆರಳಚ್ಚು ಬೀಳುತ್ತೆ” ಎಂದ.

ಇನ್ನು ಪಠ್ಯ. ಬಿ.ಎಲ್. ರೈಸ್ ಕಲ್ಲಿನ ಶಾಸನಗಳಿಗೆ ತೋರಿದ ಶ್ರದ್ಧೆಯನ್ನು ನಾನು ಟೈರಿನ ಗೋಡೆಗೆ ತೋರಿದೆ. ಮಂಡಿಯೂರಿ, ಕನ್ನಡಕ ಏರಿಸಿ, ಒದ್ದೆ ಬಟ್ಟೆಯಿಂದ ಕೆಸರು ಒರೆಸಿದಾಗ ಮುಂದಿನ ಚಕ್ರದಲ್ಲಿ 275/40 ಆರ್ 20 ಎಂದೂ ಹಿಂದಿನದರಲ್ಲಿ 315/35 ಆರ್ 20 ಎಂದೂ ಓದಿಗೆ ಸಿಕ್ಕಿತು. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಓರೆಗೆರೆಯ ಆಚೆಗಿನದು ಆ ಅಗಲದ ಶೇಕಡಾ ಎಷ್ಟು ಪಾಲು ಗೋಡೆಯ ಎತ್ತರ ಎಂಬ ಲೆಕ್ಕ. ಆರ್ ಎಂದರೆ ರೇಡಿಯಲ್, ಕೊನೆಯದು ರಿಮ್ಮಿನ ಇಂಚು. ಗುಣಿಸಿ ನೋಡಿದರೆ ಮುಂದಿನ ಗೋಡೆ 110 ಮಿ.ಮೀ., ಹಿಂದಿನದು 110.25. ಚಕ್ರದ ಒಟ್ಟು ಎತ್ತರ ಮುಂದೆ 728, ಹಿಂದೆ 728.5. ಅಗಲದಲ್ಲಿ 40 ಮಿ.ಮೀ. ಅಂತರ, ಎತ್ತರದಲ್ಲಿ ಬರೀ ಅರ್ಧ! ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿಯಲ್ಲಿ ಮುಂದಿನ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಹಿಂದಿನದೂ ಒಂದು ಸುತ್ತು ಬರಬೇಕು. ಇಲ್ಲವಾದರೆ ನಡುವಿನ ಗೇರುಗಳು ಒಂದನ್ನೊಂದು ತಿಕ್ಕಿ ಸಾಯುತ್ತವೆ. ಅಕ್ಷರ ಎಷ್ಟಾದರೂ ಇರಲಿ, ತಾಳ ತಪ್ಪಬಾರದು. ಅಲ್ಲಿಯವರೆಗೆ ಜರ್ಮನಿಯವರಿಗೂ ನಾಗವರ್ಮನಿಗೂ ಭಿನ್ನಾಭಿಪ್ರಾಯವಿಲ್ಲ.

ಅದೇ ಶಾಸನದ ಕೊನೆಯಲ್ಲಿ ‘ವೈ’ ಎಂಬ ಒಂಟಿ ಅಕ್ಷರವಿತ್ತು. ಗಂಟೆಗೆ 300 ಕಿ.ಮೀ. ವೇಗವನ್ನು ಈ ಟೈರು ತಾಳಿಕೊಳ್ಳುತ್ತದೆ ಎಂದು ಅದರ ತಾತ್ಪರ್ಯ. ನಮ್ಮ ಗಲ್ಲಿಯಲ್ಲಿ ಎರಡನೇ ಗೇರು ಹಾಕಿದವನನ್ನು ಹಿರಿಯರು ಬೈಯುತ್ತಾರೆ.

ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸಬೇಕು. ಅರ್ಧಸಮವಾದಿಗಳು ದಡ್ಡರಲ್ಲ. ಬಲದ ಹೆಚ್ಚು ಪಾಲು ಹಿಂದಿನ ಚಕ್ರಗಳಿಗೆ ಹೋಗುವ ಗಾಡಿಯಲ್ಲಿ, ಆಕ್ಸಿಲರೇಟರ್ ಒತ್ತಿದಾಗ ತೂಕವೂ ಹಿಂದಕ್ಕೆ ವಾಲುತ್ತದೆ. ಅಲ್ಲಿ ಅಗಲ ರಬ್ಬರು ಇದ್ದರೆ ಹಿಡಿತ ಜಾಸ್ತಿ. ತಿರುವಿನಲ್ಲಿ ಹಿಂಭಾಗ ಜಾರಿದರೆ ಗಾಡಿ ಗಿರ್ರನೆ ತಿರುಗುತ್ತದೆ, ಅದನ್ನು ಹತೋಟಿಗೆ ತರುವುದು ಪಳಗಿದ ಕೈಗಳಿಗೇ ಕಷ್ಟ. ಮುಂಭಾಗ ಮೊದಲು ಜಾರಿದರೆ ಸಾಮಾನ್ಯ ಮನುಷ್ಯ ಗಾಬರಿಯಾಗಿ ಕಾಲು ತೆಗೆಯುತ್ತಾನೆ, ಗಾಡಿ ದಾರಿಗೆ ಬರುತ್ತದೆ. ಹಿಂದೆ ಅಗಲ ಹಾಕುವುದು ಈ ಗಾಬರಿಯನ್ನು ನಂಬಿ. ಟ್ರಾಕ್ಟರನ್ನು ನೋಡಿ, ಹಿಂದೆ ಆಳೆತ್ತರ, ಮುಂದೆ ಮೊಣಕಾಲೆತ್ತರ, ಅದನ್ನು ಯಾರಾದರೂ ಶೋಕಿ ಅಂದದ್ದುಂಟೇ ಎಂದೂ ಅವರು ಕೇಳುತ್ತಾರೆ. ಇಲ್ಲ, ಆದರೆ ಟ್ರಾಕ್ಟರು ಗದ್ದೆಯಲ್ಲಿ ಉಳುತ್ತದೆ. ಉಳಿದದ್ದು ನೋಟದ ವಿಚಾರ. ಹಿಂದಿನಿಂದ ನೋಡಿದಾಗ ಗಾಡಿ ಪೈಲ್ವಾನನ ಹಾಗೆ ಕಾಣುತ್ತದೆ ಎಂದು ಭಾವಮೈದುನ ಹೇಳುವುದರಲ್ಲಿ ಸುಳ್ಳಿಲ್ಲ. ಮೆಟ್ರೊ ಕಂಬಗಳ ಪಕ್ಕದಲ್ಲಿ ಟ್ರಾಫಿಕ್ ನಿಂತಾಗ ಹಿಂದಿನವರಿಗೆ ಅರ್ಧ ಗಂಟೆ ಆ ನೋಟವೇ ಗತಿ.

ಹೀಗಿರಲಾಗಿ, ಮಳೆ ಹುಯ್ದ ಒಂದು ಸಂಜೆ ನೀರಿನಡಿ ಅಡಗಿದ್ದ ಗುಂಡಿಯೊಂದರಲ್ಲಿ ದ್ವಿತೀಯ ಪಾದ ಬಿತ್ತು. ಗುಂಡಿ ಯಾರದು ಎಂಬ ಪ್ರಶ್ನೆ ಈ ಪ್ರಬಂಧದ ವ್ಯಾಪ್ತಿಗೆ ಸೇರಿದ್ದಲ್ಲ. ಟೈರಿನ ಗೋಡೆ ನಿಂಬೆಹಣ್ಣಿನಷ್ಟು ಉಬ್ಬಿತು. ಫಾರ್ಚೂನರ್‌ನ 265/60 ಆರ್ 18 ಟೈರಿಗೆ 159 ಮಿ.ಮೀ. ಗೋಡೆ ಇರುತ್ತದೆ, ಪೆಟ್ಟು ಬಿದ್ದರೆ ಬಾಗಿ ಸಹಿಸಿಕೊಳ್ಳುವುದಕ್ಕೆ ಜಾಗವಿದೆ. ಇಲ್ಲಿ ಇದ್ದದ್ದು ಬರೀ ಅರ್ಧ ಗೇಣು. ಗಾಡಿಯನ್ನು ಹೇಗೋ ನಮ್ಮ ರಸ್ತೆ ಮೂಲೆಯ ಪಂಚರ್ ಅಂಗಡಿಗೆ ಉರುಳಿಸಿಕೊಂಡು ಬಂದೆವು. ಅಂಗಡಿಯ ಅಣ್ಣ ಬೀಡಿ ಕಿವಿಗೆ ಸಿಕ್ಕಿಸಿಕೊಂಡು, ಗಾಡಿಯನ್ನು ಒಂದು ಸುತ್ತು ಹಾಕಿ, ಕುಕ್ಕರುಗಾಲಲ್ಲಿ ಕೂತು ಉಬ್ಬನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

“ಇದು ಗುಳ್ಳೆ ಸಾರ್, ಪ್ಯಾಚ್ ನಿಲ್ಲಲ್ಲ. ಸ್ಟೆಪ್ನಿ ತೆಗೀರಿ.”

ಡಿಕ್ಕಿ ತೆಗೆದು, ಕಾರ್ಪೆಟ್ ಎತ್ತಿದರೆ ಒಂದು ಪುಟ್ಟ ಗಾಳಿ ಪಂಪು, ಒಂದು ಡಬ್ಬಿ ಅಂಟು. ಸ್ಟೆಪ್ನಿ ಇರಲಿಲ್ಲ.

ಇಲ್ಲಿ ಕೊಂಚ ನಿಲ್ಲಬೇಕು. ‘ಸ್ಟೆಪ್ನಿ’ ನಮ್ಮ ಪದವೆಂದು ನಂಬಿ ಬೆಳೆದವನು ನಾನು. ಅದು ವೇಲ್ಸ್ ದೇಶದ ಲನೆಲ್ಲಿ ಊರಿನ ಸ್ಟೆಪ್ನಿ ಸ್ಟ್ರೀಟಿನಲ್ಲಿ 1904ರ ಸುಮಾರಿಗೆ ಶುರುವಾದ ಬಿಡಿ ಚಕ್ರದ ಕಂಪನಿಯಿಂದ ಬಂದದ್ದು. ಪದ ನಮ್ಮಲ್ಲಿ ಉಳಿಯಿತು, ವಸ್ತು ಹೋಗುತ್ತಿದೆ. ಟೈರಿನ ಗಾಳಿ ಅಳೆಯುವ ಸೆನ್ಸರೂ ರಿಪೇರಿ ಕಿಟ್ಟೂ ಇದ್ದರೆ ಬಿಡಿ ಚಕ್ರ ಕಡ್ಡಾಯವಲ್ಲವೆಂದು 2020ರಲ್ಲಿ ನಿಯಮವನ್ನೂ ತಿದ್ದಿದರು. ಹೆಸರು ಉಳಿದು ವಸ್ತು ಹೋಗುವುದು ನಮಗೆ ಹೊಸದಲ್ಲ: ಕನ್ನಡದಲ್ಲಿ ‘ಗುಣಗಾಂಕಿಯಂ’ ಎಂಬ ಛಂದೋಗ್ರಂಥ ಇತ್ತಂತೆ. ನಮ್ಮ ಕೈಗೆ ಸಿಕ್ಕಿಲ್ಲ. ಅದು ಇತ್ತೆಂದು ಗೊತ್ತಾಗುವುದೇ ತಮಿಳಿನ ‘ಯಾಪ್ಪರುಂಗಲಕ್ಕಾರಿಗೈ’ ಪರಂಪರೆಯಿಂದ. ನಮ್ಮ ಇಲ್ಲದ ಸ್ಟೆಪ್ನಿಯ ಕೊರತೆಯನ್ನು ಮೊದಲು ಎತ್ತಿ ಹೇಳಿದವನೂ ತಮಿಳು ಮನೆಮಾತಿನ ಈ ಅಣ್ಣನೇ. ಅಷ್ಟೇ ಅಲ್ಲ, ಈ ಶಾಸ್ತ್ರದ ಮುಖ್ಯ ಪ್ರಶ್ನೆಯನ್ನೂ ಅವನೇ ಕೇಳಿಬಿಟ್ಟ: “ಇದ್ದಿದ್ರೂ ಏನ್ ಸಾರ್? ಮುಂದೆ ಒಂದ್ ಸೈಜು, ಹಿಂದೆ ಒಂದ್ ಸೈಜು. ಯಾವ್ದುಕ್ಕೆ ಅಂತ ಇಡ್ತಿದ್ರಿ?”

ಭಾವಮೈದುನ ಬಾಯಿ ಮುಚ್ಚಿದ. ನಾನು ಬರೆದುಕೊಂಡೆ.

ಸಿದ್ಧಾಂತ ಇಲ್ಲಿಂದ ತಾನಾಗಿ ಹುಟ್ಟುತ್ತದೆ. ಸಮವೃತ್ತದ ಹೆಚ್ಚುಗಾರಿಕೆ ಅದರ ಪಾದಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವುದರಲ್ಲಿದೆ. ಎಂಟು-ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿದರೆ ನಾಲ್ಕೂ ಒಟ್ಟಿಗೆ ಸವೆದು ಒಟ್ಟಿಗೆ ಬೋಳಾಗುತ್ತವೆ. ಅರ್ಧಸಮದಲ್ಲಿ ಹೆಚ್ಚೆಂದರೆ ಎಡದ್ದು ಬಲಕ್ಕೆ. ಒಂದೇ ದಿಕ್ಕಿಗೆ ಉರುಳುವಂತೆ ಪಟ್ಟೆ ಕೊರೆದ ಟೈರಾದರೆ ಅದೂ ಇಲ್ಲ. ಅಗಲ ಟೈರು ನಿಂತ ನೀರಿನ ಮೇಲೆ ಬೇಗ ತೇಲುತ್ತದೆ ಎಂಬುದನ್ನೂ, ರಿಮ್ಮುಗಳ ಅಗಲವೂ ಬೇರೆ ಬೇರೆ ಎಂಬುದನ್ನೂ ಸೇರಿಸಿಕೊಳ್ಳಿ. ಕನ್ನಡ ಕವಿಗಳು ಇದನ್ನು ಎಂದೋ ಕಂಡುಕೊಂಡಿದ್ದರು: ಖ್ಯಾತ ಕರ್ನಾಟಕ ವೃತ್ತಗಳು ಆರು, ಆರೂ ಸಮವೃತ್ತಗಳೇ. ಪುಷ್ಪಿತಾಗ್ರಕ್ಕೆ ಆ ಸಾಲಿನಲ್ಲಿ ಜಾಗ ಸಿಗಲಿಲ್ಲ. ಪಾದದ ನಡುವೆ ನಿಲ್ಲಬೇಕಾದ ಯತಿಯನ್ನಂತೂ ನಮ್ಮ ಕವಿಗಳು ಹಂಪು ಹಾರಿಸುವ ಸ್ಕೂಟರಿನವರಂತೆ ಹಾರಿಸಿಕೊಂಡು ಹೋದರು. ಅದಕ್ಕೆ ಗಟ್ಟಿ ಗೋಡೆ ಬೇಕು. ನನ್ನ ಚೇತಕ್ ಸ್ಕೂಟರಿಗೆ ಮುಂದೂ 3.50-10, ಹಿಂದೂ 3.50-10, ಸ್ಟೆಪ್ನಿಯೂ 3.50-10. ದ್ವಿಪದಿಗೆ ಮೂರನೇ ಪಾದ ಉಚಿತ.

ನಾಗವರ್ಮ ತನ್ನ ಶಾಸ್ತ್ರವನ್ನು ಮಡದಿಗೆ ಹೇಳಿದನಂತೆ. ನಾನೂ ರಾತ್ರಿ ಊಟಕ್ಕೆ ಕೂತಾಗ ಪ್ರಯತ್ನಿಸಿದೆ. “ನನ್ನ ತಮ್ಮನ ಗಾಡಿ ರಸ್ತೇಲಿ ಕಲ್ಲಿನ ಮೇಲೆ ನಿಂತಿದೆ, ನಿಮಗೆ ಅಕ್ಷರ ಎಣಿಸೋ ಹೊತ್ತು” ಎಂದು ಆಕೆ ಸಾರಿನ ಪಾತ್ರೆಯನ್ನು ಎತ್ತಿಕೊಂಡು ಹೋದಳು.

ಗಾಡಿ ಕಲ್ಲಿನ ಮೇಲೆ ನಿಂತದ್ದು ಆರು ದಿನ. ಜೆ.ಸಿ. ರಸ್ತೆಯಲ್ಲಿ ಕೇಳಿದ ಕಡೆಯೆಲ್ಲ “ಮುಂದಿನ ಸೈಜ್ ಇದೆ, ಹಿಂದಿನದು ತರಿಸಬೇಕು” ಎಂಬ ಉತ್ತರ. ಆ ಆರು ದಿನ ಗಲ್ಲಿಯ ಹುಡುಗರು ಅದನ್ನೇ ವಿಕೆಟ್ ಮಾಡಿಕೊಂಡಿದ್ದರು, ಒಂದು ಬೆಕ್ಕು ಬಾನೆಟ್ಟಿನ ಮೇಲೆ ಸಂಸಾರ ಹೂಡಿತ್ತು. ಅಷ್ಟರಲ್ಲಿ ನಾನು ಉಳಿದ ಮೂರು ಟೈರುಗಳ ಕಾಲನಿರ್ಣಯ ಮುಗಿಸಿದೆ. ಗೋಡೆಯ ಮೇಲಿನ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಹಳೆಯ ಮಾಲೀಕ ಮುಂದೆ ಎರಡು ಕಂಪನಿಯವನ್ನು ಹಾಕಿದ್ದ, ವರ್ಷವೂ ಬೇರೆ. ಹಿಂದಿನ ಬಲದ್ದು ಅರ್ಧ ಸವೆದಿತ್ತು. ಅದರ ಜೋಡಿಗೆ ಈಗ ಹೊಚ್ಚ ಹೊಸದು. ನಾಲ್ಕೂ ನಾಲ್ಕು ಥರ. ಪುಷ್ಪಿತಾಗ್ರವೆಂದು ಭಾವಮೈದುನ ಕೊಂಡದ್ದು ವಿಷಮವೃತ್ತ, ‘ಉದ್ಗತೆ’ ಎಂದು ತಿಳಿಸುವ ಮನಸ್ಸಾಗಲಿಲ್ಲ.

ಟೈರು ಬಂತೆಂದು ಫೋನು ಬಂದದ್ದು ಏಳನೇ ಸಂಜೆ. ರಿಮ್ಮನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೋಗಿ, ಮಿಷನ್ನಿನಲ್ಲಿ ಕೂರಿಸಿ, ಬ್ಯಾಲೆನ್ಸಿಂಗ್ ಮಾಡಿಸಿ, ವಾಪಸು ಹೊರಟಾಗ ಸಿಕ್ಕಿದ್ದು ಒಂದು ತ್ರಿಪದಿ, ಅಂದರೆ ಆಟೋ. ಮೂರೂ ಚಕ್ರ 4.00-8, ಒಂದೇ ಅಳತೆ. ರಸ್ತೆ ತುಂಬ ರಗಳೆ: ಪಾದಗಳಿಗೆ ಲೆಕ್ಕವಿಲ್ಲ, ಕೊನೆ ಕಾಣುವುದಿಲ್ಲ. ಮಂಡಿಯ ಮೇಲೆ 315ರ ಟೈರು ಹೊತ್ತುಕೊಂಡು ಕೂತ ನನ್ನನ್ನು ಡ್ರೈವರು ಕನ್ನಡಿಯಲ್ಲಿ ನೋಡುತ್ತಲೇ ಇದ್ದ.

ಶ್ರೀರಾಂಪುರ ಮೆಟ್ರೊ ಸ್ಟೇಷನ್ನಿನ ಕೆಳಗೆ ಇಳಿದಾಗ ಗಂಟೆ ಒಂಬತ್ತು. ರಾತ್ರಿ ದರ ಶುರುವಾಗುವುದು ಹತ್ತಕ್ಕೆ. “ಮೀಟರ್ ಮೇಲೆ ಒಂದೂವರೆ ಕೊಡಿ ಸಾರ್. ಟೈರಿಗೆ ಅಂತ ಮೇಲೊಂದು ಇಪ್ಪತ್ತು” ಎಂದ.

ಷಟ್ಪದಿಯ ಮೂರನೇ ಪಾದದ ಲಕ್ಷಣವೂ ಅದೇ: ಮೊದಲ ಪಾದದ ಒಂದೂವರೆಯಷ್ಟು, ಮೇಲೊಂದು ಗುರು. ಇಷ್ಟು ಸರಿಯಾಗಿ ಹೇಳಿದವನ ಜೊತೆ ಚೌಕಾಸಿ ಮಾಡುವುದು ಹೇಗೆ? ಎಣಿಸಿ ಕೊಟ್ಟೆ.