ಗೆರೆಯಾಚೆ ಕೂತ ಸಭ್ಯಸ್ಥರು

ವರ್ಣಭೇದ ಬಿಳಿಯರ ಕಾಯಿಲೆ. ನಮಗೆ ಅದು ತಗಲುವುದಿಲ್ಲ. ನಾವೇನಿದ್ದರೂ ತಮಾಷೆ ಮಾಡುವ ಜನ.

2021ರ ಜನವರಿಯಲ್ಲಿ ಸಿಡ್ನಿ ಟೆಸ್ಟ್ ನಡೆದಾಗ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪು ಕೊತಕೊತ ಕುದಿಯಿತು. ಬೌಂಡರಿ ಹತ್ತಿರ ನಿಂತಿದ್ದ ಮೊಹಮ್ಮದ್ ಸಿರಾಜ್‌ಗೆ ಪ್ರೇಕ್ಷಕರು ಬಾಯಿಗೆ ಬಂದದ್ದು ಅಂದಿದ್ದರು. ಸಿರಾಜ್ ಅಂಪೈರ್‌ಗೆ ದೂರು ಕೊಟ್ಟರು. ಆಟ ನಿಂತಿತು. ಆರು ಮಂದಿಯನ್ನು ಸ್ಟ್ಯಾಂಡಿನಿಂದ ಎಬ್ಬಿಸಿ ಕಳಿಸಿದರು. ಭಾರತದ ಆಟಗಾರರಿಗೆ ಜನಾಂಗೀಯ ನಿಂದನೆ ಆದದ್ದು ನಿಜ ಎಂದು ಕ್ರಿಕೆಟ್ ಆಸ್ಟ್ರೇಲಿಯಾ ಆಮೇಲೆ ಒಪ್ಪಿಕೊಂಡಿತು.

ನಮ್ಮ ಗುಂಪಿಗೆ ಅಷ್ಟು ಸಾಲಲಿಲ್ಲ. ಆಸ್ಟ್ರೇಲಿಯಾದವರೆಲ್ಲ ಕೈದಿಗಳ ಸಂತಾನ ಎಂಬ ಇತಿಹಾಸ ಪಾಠವನ್ನು ಒಬ್ಬರಾದ ಮೇಲೊಬ್ಬರು ಫಾರ್ವರ್ಡ್ ಮಾಡಿದರು. ಹುಟ್ಟು ಹಿಡಿದು ಹೀಯಾಳಿಸುವುದು ತಪ್ಪು ಎಂದು ಹೇಳಲು ಹುಟ್ಟು ಹಿಡಿದೇ ಹೀಯಾಳಿಸಿದರು. ಯಾರಿಗೂ ನಗು ಬರಲಿಲ್ಲ.

ಅದೇ ಮಹನೀಯರು ಈಗ ಭಾನುವಾರ ಬೆಳಿಗ್ಗೆ ಟರ್ಫಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಪೇಪರ್ ಕಪ್ಪಿನಲ್ಲಿ ಕಾಫಿ ಹೀರುತ್ತಾ, ಹನ್ನೊಂದು ಹನ್ನೆರಡು ವರ್ಷದ ಹುಡುಗರ ಫುಟ್‌ಬಾಲ್ ಟೂರ್ನಿ ನೋಡುತ್ತಾರೆ. ನೋಡಿ ಸುಮ್ಮನಿದ್ದರೆ ಒಳ್ಳೆಯದಿತ್ತು.

"ಏಯ್, ಆ ಗೂರ್ಖಾನ ಹಿಡ್ಕೊಳ್ರೋ!"

"ಚಿಂಕಿಗೆ ಬಾಲ್ ಬಿಡಬೇಡ್ವೋ!"

"ಆ ಕರಿಯ ಇದಾನಲ್ಲ, ಅವನ ವಯಸ್ಸು ಚೆಕ್ ಮಾಡ್ಸಿ ಸಾರ್. ಹನ್ನೆರಡಂತೆ! ನೋಡಿದ್ರೆ ಗೊತ್ತಾಗಲ್ವಾ?"

ಈ ಪ್ರಶ್ನೆ ತಮ್ಮ ಮಗನ ಬಗ್ಗೆ ಅವರಿಗೆ ಎಂದೂ ಬರುವುದಿಲ್ಲ. ಅವನಿಗೆ ಆಗಲೇ ಮೀಸೆ ಮೂಡುತ್ತಿದೆ. ಅದು ಒಳ್ಳೆಯ ಬೆಳವಣಿಗೆ, ಮನೆಯ ತುಪ್ಪದ ಗುಣ. ಬಣ್ಣ ಕಪ್ಪಾದವನ ಎತ್ತರಕ್ಕೆ ಮಾತ್ರ ಜನನ ಪ್ರಮಾಣಪತ್ರ ಬೇಕು.

ಅವರು ಗೂರ್ಖಾ ಎಂದ ಹುಡುಗನ ಅಪ್ಪ ಅಮ್ಮ ಮಣಿಪುರದವರು. ಗೂರ್ಖಾಗಳಿಗೂ ಅವರಿಗೂ ಸಂಬಂಧವಿಲ್ಲ. ಹುಡುಗ ಹುಟ್ಟಿದ್ದು ಬೆಂಗಳೂರಿನಲ್ಲಿ. ಕುರ್ಚಿಯಲ್ಲಿ ಕೂತವರ ಮಕ್ಕಳಿಗಿಂತ ಅವನ ಕನ್ನಡ ಚೆನ್ನಾಗಿದೆ. ಹಾಗಾಗಿ ಅವರು ಅಂದದ್ದೆಲ್ಲ ಅವನಿಗೆ ಅರ್ಥವಾಗುತ್ತದೆ. ನಾಡಭಾಷೆ ಕಲಿತದ್ದಕ್ಕೆ ನಾವು ಕೊಟ್ಟ ಬಹುಮಾನ.

ಹಾಗೆ ಕಿರುಚಿದ ತಂದೆಯ ಮೈಮೇಲೆ ಇದ್ದದ್ದು ಬೆಂಗಳೂರು ಎಫ್‌ಸಿಯ ನೀಲಿ ಜೆರ್ಸಿ. ಬೆನ್ನ ಮೇಲೆ 11. ಸುನಿಲ್ ಚೆಟ್ರಿ! ಗೂರ್ಖಾ ಮನೆತನದ ಮಗ, ತಂದೆ ಭಾರತೀಯ ಸೇನೆಯಲ್ಲಿದ್ದವರು. ಕಂಠೀರವದಲ್ಲಿ ಗೋಲು ಹೊಡೆದರೆ ಕ್ಯಾಪ್ಟನ್, ಟರ್ಫಿನಲ್ಲಿ ಗೋಲು ಹೊಡೆದರೆ ಗೂರ್ಖಾ.

ಯಾಕ್ರೀ ಹೀಗೆ ಅಂದರೆ ಉತ್ತರ ಸಿದ್ಧವಾಗಿರುತ್ತದೆ. "ಅಯ್ಯೋ, ಮಕ್ಕಳಾಟ ಸಾರ್. ಯಾಕೆ ಸೀರಿಯಸ್ ಆಗಿ ತಗೋತೀರಾ?"

ಹೌದು, ಮಕ್ಕಳಾಟ. ಆದರೆ ಮಕ್ಕಳು ಬಾಯಿ ಮುಚ್ಚಿಕೊಂಡು ಆಡುತ್ತಿದ್ದರು. ಕಿರುಚಿದವರಿಗೆ ನಲವತ್ತು ದಾಟಿದೆ, ಗೃಹಸಾಲವಿದೆ, ಬಿಪಿ ಮಾತ್ರೆ ಇದೆ. ಅಷ್ಟಕ್ಕೂ ಮಕ್ಕಳಾಟವೇ ಆಗಿದ್ದರೆ ಪೆನಾಲ್ಟಿ ಕೊಡಲಿಲ್ಲವೆಂದು ರೆಫ್ರಿಯ ಮೈಮೇಲೆ ಬೀಳುವುದೇಕೆ? ಸೋಲು ಸೀರಿಯಸ್. ಬೈಗುಳ ತಮಾಷೆ.

ಎರಡನೆಯ ಉತ್ತರ ಇನ್ನೂ ಸೊಗಸು. ಪ್ರೀತಿ. "ಕರಿಯ ಅಂತ ಪ್ರೀತಿಯಿಂದ ಕರೆಯೋದು ಸಾರ್. ನಮ್ಮ ಕಡೆ ದೇವ್ರಿಗೇ ಕರಿಯಮ್ಮ ಅಂತೀವಿ. 'ಕರಿಯ' ಅಂತ ದರ್ಶನ್ ಸಿನಿಮಾನೇ ಇದೆಯಲ್ಲ."

ಇದೆ. ಆ ಕರಿಯಮ್ಮನಿಗೆ ಕೈಮುಗಿದು ಮನೆಗೆ ಬಂದವರೇ ಮಗಳಿಗೆ "ಬಿಸಿಲಲ್ಲಿ ಆಡಬೇಡ, ಕಪ್ಪಾಗ್ತೀಯ" ಎನ್ನುತ್ತಾರೆ. ಕೊಕ್ಕೊದಲ್ಲಿ ಶಾಲೆಯ ತಂಡಕ್ಕೆ ಆಡುತ್ತಿದ್ದ ಹುಡುಗಿ ಪ್ರೌಢಶಾಲೆ ಮುಗಿಸುವ ಹೊತ್ತಿಗೆ ಆಟ ಬಿಟ್ಟಿರುತ್ತಾಳೆ. ಕಾರಣ ಮಂಡಿನೋವಲ್ಲ, ಮುಂದೆಂದೋ ಬರಲಿರುವ ಗಂಡಿನ ಕಡೆಯವರು. ಬೆಳ್ಳಗಾಗಿಸುವ ಕ್ರೀಮೊಂದು 1975ರಿಂದ ಈ ದೇಶದಲ್ಲಿ ಮಾರಾಟವಾಗಿ, 2020ರಲ್ಲಿ ಜಗತ್ತೆಲ್ಲ ವರ್ಣಭೇದದ ಮಾತಾಡುವಾಗ ನಾಚಿ ಹೆಸರು ಬದಲಿಸಿಕೊಂಡಿತು. ಹೆಸರಿನಿಂದ 'ಫೇರ್' ಹೋಯಿತು, 'ಗ್ಲೋ' ಬಂತು. ಕ್ರೀಮಿಗಿರುವಷ್ಟು ನಾಚಿಕೆ ಕೊಂಡವರಿಗೆ ಬರಲಿಲ್ಲ.

ಆ 2020ರಲ್ಲೇ ನಮ್ಮ ದೊಡ್ಡ ಗಣೇಶ್ ಒಂದು ಮಾತು ಹೇಳಿದರು. ಕರ್ನಾಟಕಕ್ಕೆ ನೂರಕ್ಕೂ ಹೆಚ್ಚು ಪಂದ್ಯ ಆಡಿದ ವೇಗಿ, ಭಾರತಕ್ಕೂ ಆಡಿದವರು. ಮೈಬಣ್ಣದ ಬಗ್ಗೆ ಕೇಳಬೇಕಾಗಿ ಬಂದ ಮಾತುಗಳನ್ನು ತಮಿಳುನಾಡಿನ ಅಭಿನವ್ ಮುಕುಂದ್ ಬರೆದುಕೊಂಡಿದ್ದರು. ಅದನ್ನು ಓದಿ ಗಣೇಶ್, ತಮಗೂ ಆಡುವ ದಿನಗಳಲ್ಲಿ ಇಂಥದ್ದು ಆಗಿತ್ತು ಎಂದರು. ಭಾರತದ ದಿಗ್ಗಜನೊಬ್ಬ ಅದಕ್ಕೆ ಸಾಕ್ಷಿಯಾಗಿದ್ದನೆಂದೂ ಹೇಳಿದರು. ದಿಗ್ಗಜ ಯಾರು ಎಂದು ಊಹಿಸುವುದರಲ್ಲಿ ನಾವು ಮುಳುಗಿದೆವು. ಗಣೇಶರಿಗೆ ಏನಂದರು, ಅಂದವರು ಯಾರು ಎಂದು ಕೇಳುವ ಪುರುಸೊತ್ತು ಸಿಗಲಿಲ್ಲ.

ಸರ್ಕಾರವೂ ಹಿಂದೆ ಬಿದ್ದಿಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ತರ್ಕ ಸರಳ. ಇವರ ಪೂರ್ವಜರು ಆಫ್ರಿಕಾದವರು. ಆಫ್ರಿಕಾದವರು ಓಡುತ್ತಾರೆ. ಆದ್ದರಿಂದ ಯಲ್ಲಾಪುರ, ಹಳಿಯಾಳದ ಕಾಡಂಚಿನ ಈ ಮಕ್ಕಳೂ ಓಡಿ ಒಲಿಂಪಿಕ್ ಪದಕ ತಂದುಕೊಡಬೇಕು. ಎಮ್ಮೆಯ ತಳಿ ನೋಡಿ ಹಾಲಿನ ಲೆಕ್ಕ ಹಾಕಿದ ಹಾಗೆ.

ಮಕ್ಕಳು ಓಡಿದರು. ರಾಷ್ಟ್ರಮಟ್ಟದಲ್ಲಿ ಗೆದ್ದರು ಕೂಡ. 1990ರ ದಶಕದಲ್ಲಿ ಯೋಜನೆಯೇ ನಿಂತುಹೋಯಿತು. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅಂದರೆ ಓಡಿಸಲು ಗುರುತು ಸಿಕ್ಕ ಹದಿನಾರು ವರ್ಷದ ನಂತರ ಹಕ್ಕು ಕೊಡಲು ಗುರುತು ಸಿಕ್ಕಿತು.

ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ನಮ್ಮ ಕಾಡು ಸೇರಿದವರ ಮೊಮ್ಮಕ್ಕಳ ಮೊಮ್ಮಕ್ಕಳು ಇವರು. ಕೊಂಕಣಿ, ಕನ್ನಡ ಆಡುತ್ತಾರೆ. ಬೆಂಗಳೂರಿಗೆ ಬಂದರೆ "ವಿಚ್ ಕಂಟ್ರಿ?" ಎಂದು ಕೇಳಿಸಿಕೊಳ್ಳುತ್ತಾರೆ. ಕ್ರೀಡಾಕೂಟದಲ್ಲಿ ಸಿದ್ದಿ ಹುಡುಗಿ ಮೊದಲು ಬಂದರೆ ಪಕ್ಕದ ಶಾಲೆಯ ಪಿಟಿ ಮೇಷ್ಟ್ರು ತಮ್ಮ ಮಕ್ಕಳನ್ನು ಸಮಾಧಾನ ಮಾಡುವುದು ಹೀಗೆ: "ಬಿಡ್ರೋ, ಅವರಿಗೆ ರಕ್ತದಲ್ಲೇ ಬಂದಿರುತ್ತೆ." ಗೆದ್ದರೆ ರಕ್ತ. ಸೋತರೆ ಸೋಮಾರಿತನ. ಬರಿಗಾಲಲ್ಲಿ ಮಾಡಿದ ಅಭ್ಯಾಸ ಯಾರ ಲೆಕ್ಕದಲ್ಲೂ ಇಲ್ಲ.

ಇದೆಲ್ಲ ಬರೀ ಮಾತು, ಯಾರ ಮೈಗೂ ಗಾಯವಾಗುವುದಿಲ್ಲ ಎನ್ನುವವರಿದ್ದಾರೆ. 2024ರ ಮಾರ್ಚ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಅರೀಕ್ಕೋಡ್‌ನಲ್ಲಿ ಸೆವೆನ್ಸ್, ಅಂದರೆ ತಂಡಕ್ಕೆ ಏಳೇ ಮಂದಿಯ ಫುಟ್‌ಬಾಲ್, ಪಂದ್ಯವಾಡಲು ಬಂದಿದ್ದ ಐವರಿ ಕೋಸ್ಟಿನ ಆಟಗಾರನನ್ನು ಜನ ಅಟ್ಟಿಸಿಕೊಂಡು ಹೋಗಿ ಹೊಡೆದರು. ತನ್ನ ಬಣ್ಣ ಹಿಡಿದು ಬೈದರು, ಕಲ್ಲೆಸೆದರು ಎಂದು ಆತ ಪೊಲೀಸರಿಗೆ ದೂರು ಕೊಟ್ಟ. ಫುಟ್‌ಬಾಲ್ ಎಂದರೆ ಪ್ರಾಣ ಬಿಡುವ ಜಿಲ್ಲೆ ಅದು.

ಅದಕ್ಕೂ ಮೊದಲು, 2023ರ ಜೂನ್‌ನಲ್ಲಿ, ಗುಜರಾತಿನ ಪಾಟಣ್ ಜಿಲ್ಲೆಯ ಕಾಕೋಶಿ ಎಂಬ ಹಳ್ಳಿ. ಶಾಲೆಯ ಮೈದಾನದಲ್ಲಿ ಕ್ರಿಕೆಟ್ ನಡೆದಿತ್ತು. ಚೆಂಡು ಬಂತು, ನೋಡುತ್ತಿದ್ದ ದಲಿತ ಹುಡುಗ ಎತ್ತಿಕೊಂಡ. ಜಾತಿ ಹಿಡಿದು ಬೈಗುಳ ಶುರುವಾಯಿತು. ಪೊಲೀಸರಿಗೆ ಕೊಟ್ಟ ದೂರಿನ ಪ್ರಕಾರ, ಆಮೇಲೆ ಗುಂಪು ಕಟ್ಟಿಕೊಂಡು ಬಂದವರು ಹುಡುಗನ ಕಡೆಯವರೊಬ್ಬರ ಹೆಬ್ಬೆರಳು ಕತ್ತರಿಸಿದರು. ಹೆಬ್ಬೆರಳು. ಮಹಾಭಾರತ ಕೇಳಿ ಬೆಳೆದವರಿಗೆ ವಿವರಿಸಬೇಕಿಲ್ಲ.

ಕಾನೂನಿನ ಕತೆಯೂ ಇದೆ, ಚಿಕ್ಕದು. 2014ರ ಜನವರಿಯಲ್ಲಿ ಅರುಣಾಚಲದ ಹುಡುಗ ನಿಡೊ ತಾನಿಯಾ ದೆಹಲಿಯಲ್ಲಿ ಏಟು ತಿಂದು ಸತ್ತ. ಅವನ ಕೂದಲು ನೋಡಿ ನಕ್ಕಿದ್ದರಿಂದ ಜಗಳ ಹುಟ್ಟಿತ್ತು. ಸರ್ಕಾರ ನೇಮಿಸಿದ ಬೆಜ್‌ಬರುವಾ ಸಮಿತಿ ಕೂತಿತು, ಅದೇ ವರ್ಷ ವರದಿ ಕೊಟ್ಟಿತು. ಜನಾಂಗೀಯ ನಿಂದನೆಗೆಂದೇ ದಂಡಸಂಹಿತೆಗೆ ಎರಡು ಹೊಸ ಕಲಂ ಸೇರಿಸಿ ಎಂದಿತು. ಅವು ಕಾನೂನಾಗಲಿಲ್ಲ. ದಂಡಸಂಹಿತೆಯೇ ಹೋಗಿ ನ್ಯಾಯಸಂಹಿತೆ ಬಂದರೂ ಆಗಲಿಲ್ಲ.

ಫಿಫಾ ಹಾಗಲ್ಲ. ನಿಂದನೆ ಕೇಳಿಬಂದರೆ ರೆಫ್ರಿ ಮೊದಲು ಆಟ ನಿಲ್ಲಿಸಬೇಕು. ಮುಂದುವರಿದರೆ ಆಟಗಾರರನ್ನು ಒಳಗೆ ಕಳಿಸಬೇಕು. ಆಗಲೂ ನಿಲ್ಲದಿದ್ದರೆ ಪಂದ್ಯವನ್ನೇ ರದ್ದು ಮಾಡಬೇಕು. 2024ರ ಮೇ ತಿಂಗಳಲ್ಲಿ ಅದರ ಸದಸ್ಯ ದೇಶಗಳವರು ಬ್ಯಾಂಕಾಕ್‌ನಲ್ಲಿ ಸೇರಿ, ಆಟಗಾರ ಎರಡು ಕೈಗಳನ್ನು ಮಣಿಕಟ್ಟಿನಲ್ಲಿ ಅಡ್ಡ ಹಿಡಿದು ತೋರಿಸಿದರೆ ದೂರು ಎಂದೇ ಅರ್ಥ ಎಂದು ಒಪ್ಪಿದ್ದಾರೆ. ಮಾತು ಬೇಡ, ಭಾಷೆ ಬೇಡ, ಖರ್ಚಿಲ್ಲ.

ನಮ್ಮ ಟೂರ್ನಿಯ ನಿಯಮಪತ್ರ ನೋಡಿದೆ. ಸಾಕ್ಸಿನ ಬಣ್ಣ ಇದೆ. ಆಧಾರ್ ಜೆರಾಕ್ಸ್ ಇದೆ. ಕಟ್ಟಿದ ಫೀಸು ವಾಪಸಿಲ್ಲ ಎಂಬುದು ಎರಡು ಕಡೆ ಇದೆ. ಹೊರಗಿನ ಕುರ್ಚಿಯಲ್ಲಿ ಕೂತವರು ಏನು ಮಾತಾಡಬಾರದು ಎಂಬ ಒಂದು ಸಾಲಿಲ್ಲ.

ಕೋಚ್ ಮಾತ್ರ ಪ್ರಾಮಾಣಿಕ. "ಪೇರೆಂಟ್ಸ್‌ಗೆ ಹೇಳೋಕಾಗಲ್ಲ ಸಾರ್. ಫೀಸು ಕಟ್ಟೋರು ಅವರೇ ಅಲ್ವಾ?" ಗೂರ್ಖಾ ಅನಿಸಿಕೊಂಡ ಹುಡುಗನ ಅಪ್ಪನೂ ಅಷ್ಟೇ ಫೀಸು ಕಟ್ಟಿದ್ದಾರೆ. ಅದು ಕೋಚ್‌ಗೆ ಹೊಳೆದಿರಲಿಲ್ಲ. ರೆಫ್ರಿ ಪಂದ್ಯಕ್ಕಿಷ್ಟು ಎಂದು ಬಂದ ಕಾಲೇಜು ಹುಡುಗ. ಸೀಟಿ ಅವನ ಬಾಯಲ್ಲಿತ್ತು, ಊದಲು ಧೈರ್ಯವಿರಲಿಲ್ಲ. ಸಿರಾಜ್‌ಗೆ ಹೋಗಿ ಹೇಳಲು ಒಬ್ಬ ಅಂಪೈರ್ ಇದ್ದ, ಬೆನ್ನಿಗೆ ಕ್ಯಾಪ್ಟನ್ ಇದ್ದ, ಹಿಂದೆ ದೇಶವಿತ್ತು. ಹನ್ನೆರಡರ ಹುಡುಗ ಯಾರ ಹತ್ತಿರ ಹೋಗಬೇಕು? ಮನೆಗೆ ಹೋಗಿ, ಫುಟ್‌ಬಾಲ್ ಬೋರಾಯಿತು ಅನ್ನುತ್ತಾನೆ. ಹೆತ್ತವರು ಅದನ್ನು ನಂಬುತ್ತಾರೆ.

ಆದ್ದರಿಂದ ಟೂರ್ನಿ ನಡೆಸುವವರಲ್ಲಿ ಒಂದು ಕೋರಿಕೆ. ನಿಯಮಪತ್ರಕ್ಕೆ ಒಂದು ಸಾಲು ಸೇರಿಸಿ: ಅಪ್ಪ ಬೈದರೆ ಮಗನ ತಂಡಕ್ಕೆ ಸೋಲು. ಮಗನಿಗೆ ಅನ್ಯಾಯವಲ್ಲವೇ ಎಂದು ಅಪ್ಪ ಕೂಗಾಡಿದರೆ, ಮಗುವಿಗೆ ಆಗುವ ಅನ್ಯಾಯ ಅವರ ಗಮನಕ್ಕೆ ಬಂದದ್ದು ಇದೇ ಮೊದಲು ಎಂದು ಬರೆದುಕೊಳ್ಳಿ. ಪಾಲಕರಿಗೆ ಹೇಳುವುದು ಇನ್ನೂ ಕಡಿಮೆ. ಗೇಟಿನ ಹತ್ತಿರ ಪಾರ್ಕಿಂಗ್ ಇದೆ. ಮಕ್ಕಳನ್ನು ಇಳಿಸಿ, ಕಾರಿನಲ್ಲೇ ಕೂತಿರಿ.