ಕಸದಿಂದ ರಸದ ಅತ್ತೆ

ಎಲ್ಲ ಬಡಾವಣೆಗಳಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹೆತ್ತ ಮಕ್ಕಳು ಪುಣೆಗೋ ಟೆಕ್ಸಾಸಿಗೋ ಹೋಗಿ ನೆಲೆಯೂರಿದ್ದಾರೆ, ಮನೆಯಲ್ಲೊಂದು ಕೋಣೆ ಖಾಲಿ. ಖಾಲಿ ಅನ್ನುವುದು ಅವರ ಮಾತು. ಬಾಗಿಲು ತೆಗೆದರೆ ಕಾಲಿಡಲು ಜಾಗವಿಲ್ಲ. ತೆಂಗಿನ ಕರಟ, ಔಷಧದ ಬಾಟಲಿಯ ಮುಚ್ಚಳ, ಗೀಚುಬಿದ್ದ ಸಿ.ಡಿ., ಹರಿದ ರೇಷ್ಮೆ ಸೀರೆಯ ಅಂಚು, ಪಕ್ಕದ ಮನೆಯವರಿಂದ ಕೇಳಿ ತಂದ ಮೊಟ್ಟೆಯ ಟ್ರೇ. ಅವರು ಮೊಟ್ಟೆ ತಿನ್ನುವುದಿಲ್ಲ, ಮುಟ್ಟುವುದೂ ಇಲ್ಲ. ಟ್ರೇಗೆ ಮಾತ್ರ ಹಸಿರು ಬಣ್ಣ ಬಳಿದ ಕೂಡಲೇ ಮಡಿ ಬಂದುಬಿಡುತ್ತದೆ.

ಬೀದಿಯ ಮಕ್ಕಳಿಗೆಲ್ಲ ಅವರು ಅತ್ತೆ. 'ಆಂಟಿ' ಅಂದವರಿಗೆ ಆ ದಿನ ಕತ್ತರಿ ಸಿಗುವುದಿಲ್ಲ.

ಹಬ್ಬಕ್ಕೆ ಅಂಗಡಿಯ ಉಡುಗೊರೆ ಕೊಡಬಾರದು, ಮಕ್ಕಳು ಕೈಯಾರೆ ಮಾಡಿ ಕೊಡಬೇಕು ಎನ್ನುವುದು ಅತ್ತೆಯ ವ್ರತ. ಗಣೇಶನ ಹಬ್ಬಕ್ಕೆ ಜೇಡಿಮಣ್ಣಿನ ಇಲಿ. ದಸರಾ ರಜೆ ಬಂತೆಂದರೆ ಗೊಂಬೆ ಕೂರಿಸುವ ಮನೆಗಳಿಗೆಲ್ಲ ಬೆಂಕಿಪೊಟ್ಟಣದ ಸೋಫಾ ಸೆಟ್ಟು. ಪಟ್ಟದ ಗೊಂಬೆಗಳು ಒಂಬತ್ತು ದಿನವೂ ನಿಂತೇ ಇರುವುದಕ್ಕೆ ಬೇರೆ ಕಾರಣವಿರಬಹುದು, ಆದರೆ ಆ ಸೋಫಾ ನೋಡಿದವರ್ಯಾರೂ ಕೂರಲಾರರು. ದೀಪಾವಳಿಗೆ ಆಕಾಶಬುಟ್ಟಿ. ಸಂಕ್ರಾಂತಿಗೆ ಎಳ್ಳು ಬೀರುವ ಡಬ್ಬಿ.

ಶಾಲೆಗಳ ವಸ್ತುಪ್ರದರ್ಶನದಲ್ಲಿ ಗೋಡೆಗೆ ಅಂಟಿಸುವ 'ಕಸದಿಂದ ರಸ' ಎಂಬ ಮಾತನ್ನು ಅತ್ತೆ ಬಾಳಿನ ಮಂತ್ರ ಮಾಡಿಕೊಂಡಿದ್ದಾರೆ. ತೊಂದರೆ ಒಂದೇ, ಕಸ ಸಾಲುವುದಿಲ್ಲ. ಒಣಕಸದ ದಿನ ಗಾಡಿ ಬರುವುದಕ್ಕೆ ಮೊದಲೇ ಅವರು ಗೇಟಿನಲ್ಲಿ ನಿಂತಿರುತ್ತಾರೆ. ನಮ್ಮ ಬುಟ್ಟಿಯೊಳಗೆ ಇಣುಕಿ, "ಈ ವಾರ ನಿಮ್ಮನೇಲಿ ಏನೂ ಕಸಾನೇ ಇಲ್ವಲ್ರೀ" ಎಂದು ಬೇಸರಪಡುತ್ತಾರೆ. ಕಸ ಕಡಿಮೆ ಮಾಡಿದವರು ತಲೆ ತಗ್ಗಿಸಬೇಕಾದದ್ದು ಪ್ರಪಂಚದಲ್ಲಿ ನಮ್ಮ ಬೀದಿಯಲ್ಲಿ ಮಾತ್ರ. ಐಸ್‌ಕ್ರೀಂ ಕಡ್ಡಿಯ ವಿಷಯ ಇನ್ನೂ ಕಷ್ಟದ್ದು. ಒಂದು ಪುಟ್ಟ ಮನೆ ಕಟ್ಟುವಷ್ಟು ಕಡ್ಡಿ ಬೇಕೆಂದರೆ ಮಕ್ಕಳಿಗೆ ಎಷ್ಟು ಐಸ್‌ಕ್ರೀಂ ತಿನ್ನಿಸಬೇಕು? ಆದ್ದರಿಂದ ಅತ್ತೆ ಸ್ಟೇಷನರಿ ಅಂಗಡಿಗೆ ಹೋಗಿ ಕಟ್ಟು ಕಟ್ಟಾಗಿ ಹೊಚ್ಚಹೊಸ ಕಸ ಕೊಂಡು ತರುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದ ಮಾವನವರು ಅದನ್ನು ನೋಟಿನ ಹಾಗೆ ಬೆರಳು ಒದ್ದೆ ಮಾಡಿಕೊಂಡು ಎಣಿಸಿ, ರಬ್ಬರ್ ಬ್ಯಾಂಡ್ ಹಾಕಿ ಇಡುತ್ತಾರೆ.

ಅತ್ತೆಗೆ ಅಪ್ಪಟ ಕಸ ಸಿಗುವುದು ಲಗ್ನಪತ್ರಿಕೆಗಳಲ್ಲಿ. ದಪ್ಪ ಕಾಗದ, ಚಿನ್ನದ ಅಕ್ಷರ, ಎಲ್ಲ ಪುಕ್ಕಟೆ. ಆದರೆ ಪತ್ರಿಕೆಯ ಮೇಲೆ ಗಣಪತಿ ಇರುತ್ತಾನೆ, ಗಣಪತಿಗೆ ಕತ್ತರಿ ಹಾಕುವಂತಿಲ್ಲ. ಹಾಗಾಗಿ ಅತ್ತೆಯ ಶಾಲೆಯಿಂದ ಹೊರಡುವ ಪ್ರತಿ ಡಬ್ಬಿಗೂ ಎಲ್ಲಾದರೊಂದು ಕಡೆ ಗಣಪತಿ ಖಾಯಂ, ಕೆಲವೊಮ್ಮೆ ತಳದಲ್ಲಿ, ತಲೆಕೆಳಗಾಗಿ. ಕಳೆದ ಸಂಕ್ರಾಂತಿಗೆ ನಮ್ಮ ಮನೆಗೆ ಬಂದ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಬಂಗಾರದ ಅಕ್ಷರಗಳಲ್ಲಿ 'ಆಶೀರ್ವಾದವೇ ಉಡುಗೊರೆ' ಎಂದು ಅಚ್ಚಾಗಿತ್ತು. ಎಳ್ಳು ಇದೆಯೋ ಇಲ್ಲವೋ ಎಂದು ಒಂದು ಕ್ಷಣ ಗಾಬರಿಯಾಯಿತು.

ಮಕ್ಕಳು ಮಾಡುವುದು ಅನ್ನುವುದರ ಕ್ರಮ ಹೀಗಿದೆ. ಸಂಜೆ ಎಂಟು ಹತ್ತು ಮಕ್ಕಳು ಚಾಪೆಯ ಮೇಲೆ ಕೂರುತ್ತವೆ. ಒಬ್ಬ ಹುಡುಗ ಫೆವಿಕಾಲ್ ಡಬ್ಬಿಗೆ ಬೆರಳು ಅದ್ದುತ್ತಾನೆ. "ಕೊಡು ಪುಟ್ಟಾ, ಒಂದ್ಸಲ ತೋರಿಸ್ತೀನಿ" ಎಂದು ಅತ್ತೆ ಅವನ ಕೈಯಿಂದ ಕಾಗದ ತೆಗೆದುಕೊಳ್ಳುತ್ತಾರೆ. ಆ ಕಾಗದ ಆಮೇಲೆ ಅವನ ಕೈಗೆ ಬರುವುದು ಫೋಟೋ ತೆಗೆಯುವಾಗ. ಪಕ್ಕದ ಹುಡುಗಿ ಆನೆಗೆ ನೇರಳೆ ಬಣ್ಣ ಹಚ್ಚುತ್ತಾಳೆ. "ತುಂಬಾ ಚೆನ್ನಾಗಿದೆ ಕಂದಾ, ಸ್ವಲ್ಪ ಸರಿ ಮಾಡೋಣ್ವಾ?" ಅಲ್ಲಿಗೆ ಆನೆ ಬೂದು ಬಣ್ಣದ್ದಾಗುತ್ತದೆ. ಮಕ್ಕಳು ಬುದ್ಧಿವಂತರು, ಒಂದು ಗಂಟೆಯೊಳಗೆ ಕ್ರಿಕೆಟ್ ಬ್ಯಾಟು ಹುಡುಕಿಕೊಂಡು ಹೊರಡುತ್ತಾರೆ. ಕೋಣೆಯ ದೀಪ ರಾತ್ರಿ ಹನ್ನೊಂದಾದರೂ ಆರುವುದಿಲ್ಲ. ಮಾವನವರು ಲೇಸಿನ ಒಂದು ತುದಿ ಹಿಡಿದು ತೂಕಡಿಸುತ್ತಿರುತ್ತಾರೆ.

ಮರುದಿನ ಡಬ್ಬಿಯ ಹಿಂದೆ ಮಾಡಿದವರ ಹೆಸರು, ತರಗತಿ. ಅದೊಂದು ಮಾತ್ರ ಮಕ್ಕಳದೇ ಕೈಬರಹ. ತಾಯಂದಿರು ಕೆನ್ನೆಗೆ ಕೈಯಿಟ್ಟು, "ಅಯ್ಯೋ, ಇದು ಮಕ್ಕಳೇ ಮಾಡಿದ್ದಾ!" ಅನ್ನಬೇಕು, ಅನ್ನುತ್ತಾರೆ. ಅಂಚು ಅಷ್ಟು ನೇರವಾಗಿ ಕತ್ತರಿಸುವ ಮಗು ಈ ಬೀದಿಯಲ್ಲಿಲ್ಲ ಎಂಬುದು ಹೆತ್ತವರಿಗೆ ಗೊತ್ತಿಲ್ಲವೇ?

ಇಡೀ ವರ್ಷದಲ್ಲಿ ಅತ್ತೆಯ ಕೈ ತಪ್ಪಿ ಕೆಲಸ ನಿಜವಾಗಿ ಮಕ್ಕಳ ಕೈಗೆ ಹೋಗುವುದು ಸಂಕ್ರಾಂತಿಯಲ್ಲಿ. ಗಾಂಧಿ ಬಜಾರಿನಲ್ಲಿ ಬೆರೆಸಿಟ್ಟ ಎಳ್ಳು-ಬೆಲ್ಲದ ಪೊಟ್ಟಣ ರಾಶಿ ಬಿದ್ದಿರುತ್ತದೆ, ಅತ್ತೆ ಅತ್ತ ಮುಖ ಹಾಕುವುದಿಲ್ಲ. ತಿಪಟೂರಿನ ಕೊಬ್ಬರಿಯೇ ಆಗಬೇಕು, ಮಂಡ್ಯದ ಬೆಲ್ಲವೇ ಆಗಬೇಕು. ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಅಡಕತ್ತರಿಯಲ್ಲಿ ಚೂರು ಮಾಡಿ, ಬೆಲ್ಲದ ತುಂಡಿನ ಜೊತೆ ತಾರಸಿಯಲ್ಲಿ ಬಿಸಿಲಿಗಿಡಬೇಕು. ಕಾಗೆ ಕಾಯುವ ಕೆಲಸಕ್ಕೆ ಇಬ್ಬರು ಹುಡುಗರು. ಕಾಗೆ ತಿಂದದ್ದಕ್ಕಿಂತ ಕಾವಲಿನವರು ತಿಂದದ್ದೇ ಹೆಚ್ಚು. ಹುರಿದ ಕಡಲೆಕಾಯಿ ಬೀಜ ಉಜ್ಜಿ ಸಿಪ್ಪೆ ಊದುವುದಕ್ಕೆ ಮಾತ್ರ ಮಕ್ಕಳು ಹೊಡೆದಾಡುತ್ತಾರೆ. ಊದುವುದು ಪಕ್ಕದವನ ಮುಖಕ್ಕೆ.

ಮೂರನೇ ಮಹಡಿಯ ಧಾರವಾಡದ ಅಕ್ಕ ಒಮ್ಮೆ ಬಂದು ಕಣ್ಣಾಡಿಸಿ, "ನಮ್ಮ ಕಡೆ ಕುಸುರೆಳ್ಳು ಮಾಡತೀವ್ರಿ. ಬಿಸಿ ತಾಟಿನ್ಯಾಗ ಎಳ್ಳಿಗೆ ಚೂರ್ ಚೂರ ಪಾಕಾ ಬಿಟ್ಟು, ಮುಳ್ಳು ಏಳೂತನಾ ಕೈ ಆಡಸಬೇಕ್ರಿ" ಅಂದರು. ಅತ್ತೆ ಮಾತು ಬದಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೊನೆಗೆ ಸಕ್ಕರೆ ಅಚ್ಚು. ಅಜ್ಜಿಯ ಕಾಲದ ಮರದ ಅಚ್ಚುಗಳು ಹಂಡೆಯ ನೀರಲ್ಲಿ ನೆನೆದಿರುತ್ತವೆ. ಆನೆ, ಕುದುರೆ, ಗಿಳಿ, ಬಾಳೆಗೊನೆ, ತುಳಸಿಕಟ್ಟೆ. ಎರಡು ಹೋಳು ಜೋಡಿಸಿ ಬಿಗಿದು ಕೊಡುವುದು ಮಕ್ಕಳ ಕೆಲಸ. ಒಲೆಯ ಮುಂದೆ ಅತ್ತೆ ಸಕ್ಕರೆ ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸ್ವಲ್ಪವೇ ಕಾಯಿಸಿ ಕೈಯಾಡಿಸುತ್ತಾರೆ. ಪಾಕ ಅಂಚಿನಲ್ಲಿ ಬೆಳ್ಳಗಾಗುತ್ತಿದ್ದಂತೆ ಸುರಿಯಬೇಕು. ಒಂದು ಗಳಿಗೆ ತಡವಾದರೆ ಬಾಣಲೆಯೇ ಅಚ್ಚಾಗುತ್ತದೆ. ಆದ್ದರಿಂದ ಅತ್ತೆ ಒಲೆ ಬಿಟ್ಟು ಅಲುಗುವಂತಿಲ್ಲ, ತಿರುಗಿ ನೋಡುವಂತಿಲ್ಲ, "ಕೊಡು ಪುಟ್ಟಾ" ಅನ್ನುವಂತಿಲ್ಲ. ಗಟ್ಟಿಯಾದ ಅಚ್ಚು ಬಿಚ್ಚುವ ಸಾಮ್ರಾಜ್ಯ ಪೂರ್ತಿ ಮಕ್ಕಳದ್ದು.

ಇಲ್ಲೊಂದು ನಿಯಮವಿದೆ. ಮುರಿದ ಅಚ್ಚನ್ನು ಬೀರುವಂತಿಲ್ಲ. ಮುರಿದದ್ದು ಮಾಡಿದವರಿಗೆ. ಮಕ್ಕಳು ಈ ನಿಯಮವನ್ನು ಅರ್ಥ ಮಾಡಿಕೊಂಡ ವೇಗದಲ್ಲಿ ಗುಣಾಕಾರ ಕಲಿತಿದ್ದರೆ ಟ್ಯೂಷನ್ ಬೇಕಿರಲಿಲ್ಲ. ಮೊದಲ ಆನೆಯ ಸೊಂಡಿಲು ತಾನಾಗಿ ಮುರಿಯುತ್ತದೆ. ಎರಡನೆಯದರದ್ದು ಮುರಿಯುವಾಗ ಎಲ್ಲರೂ ಕೆಮ್ಮುತ್ತಾರೆ. ಕುದುರೆ ಕಾಲು ಹೇಗೂ ಸಣ್ಣದು. ಬಾಳೆಗೊನೆ ಗಟ್ಟಿ, ನೆಲಕ್ಕೆ ಬೀಳಿಸಬೇಕಾಗುತ್ತದೆ. ಒಲೆಯ ಕಡೆಯಿಂದ "ಏನ್ರೋ ಅದು ಸದ್ದು?" ಎಂದು ಕೂಗು ಬಂದರೆ, "ಆನೆ ಹೋಯ್ತು ಅತ್ತೇ!" ಎಂದು ಬಾಯಿ ತುಂಬ ಸಕ್ಕರೆ ಇಟ್ಟುಕೊಂಡ ಉತ್ತರ. ಡಬ್ಬಿಗಳಿಗೆ ಕೊನೆಗೆ ಉಳಿಯುವುದು ತುಳಸಿಕಟ್ಟೆಗಳು.

ನಿಮ್ಮ ಬೀದಿಯಲ್ಲೂ ಇಂಥ ಅತ್ತೆ ಇದ್ದರೆ ಮಕ್ಕಳನ್ನು ಕಳಿಸಿ. ಹಳೇ ಬಟ್ಟೆ ಹಾಕಿ, ಊಟ ಹಾಕದೆ ಕಳಿಸಿ. ಡಬ್ಬಿ ಬಂದಾಗ ಯಾರು ಮಾಡಿದ್ದೆಂದು ಕೇಳಬೇಡಿ. ಮನೆಯಲ್ಲಿ ಮದುವೆಯಿದ್ದರೆ ಅವರಿಗೊಂದು ಹತ್ತು ಪತ್ರಿಕೆ ಹೆಚ್ಚಿಗೆ ಕೊಡಿ. ವಾಟ್ಸಾಪಿನಲ್ಲಿ ಮಾತ್ರ ಕಳಿಸಬೇಡಿ, ಅದಕ್ಕೆ ಕತ್ತರಿ ಹಾಕಲು ಬರುವುದಿಲ್ಲ.