ಕೂತಲ್ಲೇ ಆರು ಸಾವಿರ ಹೆಜ್ಜೆ

(ಹಾರೋಹಳ್ಳಿ ಪಕ್ಕದ ಒಂದು ರೇಷ್ಮೆ ಹುಳುಮನೆ. ಕೈಗಾರಿಕಾ ಪ್ರದೇಶದ ಪಾಳಿ ಮುಗಿಸಿ ಬಂದ ಅಳಿಯ. ಅವನ ವಾಚು ಕಟ್ಟಿಕೊಂಡು ಹಿಪ್ಪುನೇರಳೆ ಸೊಪ್ಪು ಕೊಚ್ಚುತ್ತಿರುವ ಮಾವ.)

ಅಳಿಯ: ಏನ್ ಮಾವ, ಕೂತಲ್ಲೇ ಆರು ಸಾವಿರ ಹೆಜ್ಜೆ!

ಮಾವ: ಅದಕ್ಕೆ ನನ್ನ ಕಾಲು ಕಂಡೈತಾ? ಕೈ ಆಡುದ್ರೆ ನಡೆದಂಗೆ ಲೆಕ್ಕ.

ಅಳಿಯ: ಕೊಚ್ಚಿ ಮಾವ, ಕೊಚ್ಚಿ! ಹತ್ತು ಸಾವಿರ ಆದ್ರೆ ವಿಮೆ ಕಂತಲ್ಲಿ ರಿಯಾಯಿತಿ.

ಮಾವ: ಹತ್ತು ಸಾವಿರ ಅಂತ ಯಾವ ಡಾಕ್ಟ್ರು ಬರೆದುಕೊಟ್ರು?

ಅಳಿಯ: ಡಾಕ್ಟ್ರಲ್ಲ. 1965ರಲ್ಲಿ ಜಪಾನಿನ ಕಂಪನಿಯೋರು ಹೆಜ್ಜೆ ಎಣಿಸೋ ಯಂತ್ರ ಮಾರಾಕೆ ಅದಕ್ಕಿಟ್ಟ ಹೆಸರು.

ಮಾವ: ಭಲೇ! ಈ ವಾಚು ಇನ್ನೇನು ಹೇಳ್ತದೆ?

ಅಳಿಯ: ಚರ್ಮಕ್ಕೆ ಹಸಿರು ಬೆಳಕು ಬಿಟ್ಟು ನಾಡಿ ಎಣಿಸ್ತದೆ. ನಿಮಗೆ ನಿದ್ದೆ ಸಾಲದಂತೆ, ಮನಸ್ಸಿಗೆ ಒತ್ತಡವಂತೆ.

ಮಾವ: ಹುಳ ಪೊರೆ ಕಳಚಿ ಜ್ವರ ಎದ್ದವೆ ಕಣ್ಲಾ! ರಾತ್ರಿಯೆಲ್ಲ ಸೊಪ್ಪು ಹಾಕ್ದೆ. ಅದ್ಸರಿ, ಈ ಲೆಕ್ಕ ಯಾರ್‍ಯಾರು ನೋಡ್ತಾರೆ?

ಅಳಿಯ: ಗೊತ್ತಿಲ್ಲ. ಒಪ್ಪಿಗೆ ಕೇಳಿದ್ರು, ಇಂಗ್ಲಿಷಲ್ಲಿ. ಒತ್ತಿಬಿಟ್ಟೆ.

ಮಾವ: ಹಾಳೆ ಓದದೆ ಹೆಬ್ಬೆಟ್ಟು ಒತ್ತಿದ ನಮ್ಮಪ್ಪಂಗೆ ದಡ್ಡ ಅಂತಿದ್ದೆಯಲ್ಲೋ!

(ಓದುಗರ ಗಮನಕ್ಕೆ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಅದರ ಈ ಕಲಮುಗಳು ಜಾರಿಗೆ ಬಂದ ಮೇಲೆ, ಒಪ್ಪಿಗೆಯ ಕೋರಿಕೆಯನ್ನು ಕನ್ನಡದಲ್ಲೂ ಓದುವ ಆಯ್ಕೆ ಕೊಡಬೇಕು, ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಲೂಬಹುದು. ಕೇಳಿ ನೋಡಿ.)